ಶಾಲೆಯ ದಿನದ ಕೆಲಸವೇ ಪಾಠ: ಸಣ್ಣ ಊರಿನ ಪ್ರಾಥಮಿಕ ಶಾಲೆಗೆ ಒಂದು ಮಾರ್ಗದರ್ಶಿ

ಚಟುವಟಿಕೆ ಎಂದ ಕೂಡಲೇ ನಮ್ಮಲ್ಲಿ ಅನೇಕರಿಗೆ ಥರ್ಮೋಕೋಲು, ಬಣ್ಣದ ಕಾಗದ, ಮಿಂಚು ಪೆನ್ನು ನೆನಪಾಗುತ್ತವೆ. ಪೇಟೆಗೆ ಹೋಗಿ ತರಬೇಕು, ರಾತ್ರಿ ಕೂತು ಕತ್ತರಿಸಬೇಕು. ಅಂಟಿಸಿದ್ದು ಗೋಡೆಯ ಮೇಲೇ ಬಣ್ಣಗೆಡುತ್ತದೆ, ಮಕ್ಕಳು ಅದರತ್ತ ತಿರುಗಿ ನೋಡುವುದೂ ನಿಲ್ಲುತ್ತದೆ. ನಾನು ಚಳ್ಳಕೆರೆ ಸೀಮೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವವಳು. ಇಬ್ಬರು ಶಿಕ್ಷಕರು, ಐದು ತರಗತಿ. ನಮ್ಮಂಥ ಶಾಲೆಗೆ ಹೊರಗಿನಿಂದ ತರುವ ಚಟುವಟಿಕೆಗಿಂತ ಶಾಲೆಯೊಳಗೇ ದಿನವೂ ನಡೆಯುವ ಕೆಲಸ ಹೆಚ್ಚು ಕಲಿಸುತ್ತದೆ ಎಂಬುದು ನನ್ನ ಅನುಭವ.

ಶಾಲೆ ನಡೆಯಬೇಕಾದರೆ ದಿನಾ ಆಗಲೇಬೇಕಾದ ಕೆಲಸಗಳಿವೆ. ಬಂದವರನ್ನು ಎಣಿಸಬೇಕು, ಅಕ್ಕಿ ಅಳೆಯಬೇಕು, ಹಾಲು ಕಲಸಬೇಕು, ಪುಸ್ತಕ ಕೊಟ್ಟು ವಾಪಸ್ ತಗೋಬೇಕು, ಗಿಡಕ್ಕೆ ನೀರು ಹಾಕಬೇಕು. ಇವುಗಳ ಲೆಕ್ಕವನ್ನೂ ಬರಹವನ್ನೂ ಮಕ್ಕಳ ಕೈಗೆ ಕೊಡಿ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು, ಓದುವುದು, ಬರೆಯುವುದು ಎಲ್ಲಕ್ಕೂ ದಿನವೂ ನಿಜವಾದ ಕಾರಣ ಸಿಗುತ್ತದೆ. ಹೇಗೆ ಮಾಡಬಹುದು ಎಂಬುದನ್ನು ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕರಿಗಾಗಿ ಬರೆಯುತ್ತಿದ್ದೇನೆ. ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಇರುವ ತಂದೆತಾಯಿಗಳೂ ಓದಿದರೆ ಒಳ್ಳೆಯದು.

ತಂಡ ಮಾಡುವುದು

ಮೊದಲ ವಾರ ತಂಡ ಮಾಡುವುದಕ್ಕೇ ಮೀಸಲಿಡಿ. ನಾಲ್ಕು ತಂಡ ಸಾಕು: ಹಾಜರಿ, ಅಕ್ಕಿ, ಮಳೆ, ಪುಸ್ತಕ. ಒಂದೊಂದರಲ್ಲೂ ಎರಡನೆಯಿಂದ ಐದನೇ ತರಗತಿಯವರೆಗಿನ ಮಕ್ಕಳು ಬೆರೆತಿರಲಿ. ಸೋಮವಾರ ತಂಡಗಳ ಕೆಲಸ ಬದಲಾಗಲಿ. ಹೀಗೆ ಮಾಡಿದರೆ ತಿಂಗಳೊಳಗೆ ಎಲ್ಲ ಮಕ್ಕಳ ಕೈಗೂ ಎಲ್ಲ ಕೆಲಸವೂ ಬಂದುಹೋಗುತ್ತದೆ.

ಬಹಳಷ್ಟು ಶಾಲೆಗಳಲ್ಲಿ ಶಾಲಾ ಮಂತ್ರಿಮಂಡಲ ಇದ್ದೇ ಇರುತ್ತದೆ. ಚೀಟಿ ಹಾಕಿ ಚುನಾವಣೆ ಮಾಡಿ ಮುಖ್ಯಮಂತ್ರಿ, ಆಹಾರ ಮಂತ್ರಿ, ಸ್ವಚ್ಛತಾ ಮಂತ್ರಿ ಎಂದು ಆರಿಸುತ್ತೇವೆ. ಚುನಾವಣೆ ಮಕ್ಕಳಿಗೆ ಒಳ್ಳೆಯ ಅನುಭವ, ಬಿಡಬೇಡಿ. ಆದರೆ ಮಾತು ಬಲ್ಲ ಐದಾರು ಮಕ್ಕಳೇ ವರ್ಷವಿಡೀ ಮಂತ್ರಿಗಳಾಗಿ ಉಳಿದರೆ ಹಿಂದೆ ಕೂರುವವರು ಹಿಂದೆಯೇ ಕೂರುತ್ತಾರೆ. ದಿನದ ಕೆಲಸವನ್ನು ಸರದಿಯ ಮೇಲೆ ಬಿಡಿ, ಮಂತ್ರಿಗಳು ಸಭೆ ನಡೆಸಲಿ.

ಇಲ್ಲಿ ಎರಡು ವಿಷಯದಲ್ಲಿ ಕಣ್ಣಿಟ್ಟಿರಬೇಕು. ಗಂಟೆ ಹೊಡೆಯುವುದು ಗಂಡುಮಕ್ಕಳಿಗೆ, ಕಸ ಗುಡಿಸುವುದು ಹೆಣ್ಣುಮಕ್ಕಳಿಗೆ ಎಂಬ ಹಂಚಿಕೆ ಯಾರೂ ಹೇಳದೆಯೇ ಆಗಿಬಿಡುತ್ತದೆ. ನೀರು ಮುಟ್ಟುವುದು, ತಟ್ಟೆ ಹಂಚುವುದು ಇಂಥವುಗಳಲ್ಲಿ ಯಾವ ಕೇರಿಯ ಮಗು ಎಂಬ ಮಾತು ಮೆಲ್ಲಗೆ ಒಳಗೆ ಬರುತ್ತದೆ. ಸರದಿಯ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಅಂಟಿಸಿ, ಅದನ್ನು ಯಾರಿಗಾಗಿಯೂ ಬದಲಿಸಬೇಡಿ. ಯಾರಾದರೂ ದೊಡ್ಡವರು ಬಂದು ಕೇಳಿದರೆ ಪಟ್ಟಿ ತೋರಿಸಿ, ಶಾಲೆಯ ನಿಯಮ ಇದು ಎಂದು ನೇರವಾಗಿ ಹೇಳಿ.

ಕೆಲಸ ಕಲಿಸುವುದೂ ಮಕ್ಕಳಿಂದ ದುಡಿಸಿಕೊಳ್ಳುವುದೂ ಒಂದಲ್ಲ. ಮಗು ಅಳೆಯಬಹುದು, ಎಣಿಸಬಹುದು, ಬರೆಯಬಹುದು. ಒಲೆಯ ಹತ್ತಿರ ಹೋಗಕೂಡದು, ಬಿಸಿ ಪಾತ್ರೆ ಎತ್ತಕೂಡದು. ಶೌಚಾಲಯ ತೊಳೆಯುವ ಕೆಲಸಕ್ಕೆ ಮಕ್ಕಳನ್ನು ಹಚ್ಚಲೇಬಾರದು, ಇಲಾಖೆಯೂ ಅದನ್ನು ನಿಷೇಧಿಸಿದೆ.

ಬೆಳಿಗ್ಗೆ: ಹಾಜರಿ ಲೆಕ್ಕ

ಅಧಿಕೃತ ಹಾಜರಿ ಪುಸ್ತಕ ಶಿಕ್ಷಕರದ್ದು, ಅದನ್ನು ನೀವೇ ಬರೆಯಬೇಕು. ಮಕ್ಕಳದ್ದು ಬೇರೆ ಲೆಕ್ಕ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆಯಿಂದ ಕಲಿಯುವ ನಲಿಕಲಿ ಕೋಣೆಯಲ್ಲಿ ಮಗು ತನ್ನ ಹೆಸರಿನ ಮುಂದೆ ತಾನೇ ಗುರುತು ಹಾಕುವ ಹಾಜರಿ ಚಾರ್ಟು, ಬಿಸಿಲೋ ಮೋಡವೋ ಎಂದು ತುಂಬುವ ಹವಾಮಾನ ನಕ್ಷೆ ಹೇಗೂ ಇರುತ್ತವೆ. ಅವನ್ನು ಗೋಡೆಯ ಅಲಂಕಾರವಾಗಲು ಬಿಡಬೇಡಿ.

ಪ್ರಾರ್ಥನೆ ಮುಗಿದ ಮೇಲೆ ಹಾಜರಿ ತಂಡ ಎರಡೂ ಕೋಣೆಗೆ ಹೋಗಿ ತರಗತಿವಾರು ಎಣಿಸಿಕೊಂಡು ಬರಲಿ. ಅಡುಗೆಮನೆಯ ಹೊರಗೋಡೆಯ ಹಲಗೆಯ ಮೇಲೆ ನಾಲ್ಕು ಸಾಲು: ಒಟ್ಟು ಮಕ್ಕಳು, ಬಂದವರು, ಬಾರದವರು, ಯಾಕೆ ಬಂದಿಲ್ಲ. 46ರಲ್ಲಿ 41 ಬಂದರೆ ಬಾರದವರು 5. ಎರಡನೇ ತರಗತಿಯ ಮಗುವಿಗೆ ಇದು ಕಳೆಯುವ ಲೆಕ್ಕ. ಒಂದನೇ ತರಗತಿಯವರಿಗೆ ಹುಣಿಸೆಬೀಜ ಕೊಡಿ. ಬಂದವರಿಗೆ ಒಂದೊಂದು ಬೀಜ, ಹತ್ತಾದ ಕೂಡಲೇ ಖಾಲಿ ಬೆಂಕಿಪೊಟ್ಟಣಕ್ಕೆ. ಕೊನೆಗೆ ನಾಲ್ಕು ಪೊಟ್ಟಣ, ಒಂದು ಬಿಡಿ. ಹತ್ತರ ಸ್ಥಾನ, ಬಿಡಿ ಸ್ಥಾನ ಎಂದು ಹಲಗೆಯ ಮೇಲೆ ಎಷ್ಟು ಸಲ ಬರೆದರೂ ಬಾರದ ತಿಳಿವಳಿಕೆ ಆ ಪೊಟ್ಟಣದಲ್ಲಿ ಬರುತ್ತದೆ.

‘ಯಾಕೆ ಬಂದಿಲ್ಲ’ ಎಂಬ ಸಾಲು ಬಹಳ ಮುಖ್ಯ. ಜ್ವರ, ಶೇಂಗಾ ಬಿಡಿಸುವ ಕೆಲಸ, ಜಾತ್ರೆ, ತಂಗಿಯನ್ನು ನೋಡಿಕೊಳ್ಳುವುದು. ಗೆಳೆಯರು ತರುವ ಕಾರಣ ನಿಮಗೆ ಮನೆಯವರು ಹೇಳುವುದಕ್ಕಿಂತ ಬೇಗ ಗೊತ್ತಾಗುತ್ತದೆ. ಮೂರು ದಿನ ಒಂದೇ ಹೆಸರು ಬಂದರೆ ಸಂಜೆ ಆ ಮನೆಗೆ ಹೋಗಿಬನ್ನಿ.

ಇದಕ್ಕೆಲ್ಲ ಹೊತ್ತೆಲ್ಲಿದೆ ಎಂದು ಕೇಳುವವರಿದ್ದಾರೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಬೋಧನೆ ನಡೆಯಬೇಕು. ದಿನಕ್ಕೆ ಹತ್ತು ನಿಮಿಷದ ಹಾಜರಿ ಲೆಕ್ಕ 200 ದಿನಕ್ಕೆ 33 ಗಂಟೆ ಮೀರುತ್ತದೆ. ಅಷ್ಟು ಹೊತ್ತು ಮಕ್ಕಳು ತಾವಾಗಿ ಲೆಕ್ಕ ಮಾಡುತ್ತಾರೆ. ಅದು ಪಾಠದ ಹೊತ್ತೇ.

ಬಿಸಿಯೂಟದ ಅಕ್ಕಿ

ಹಾಜರಿ ಸಂಖ್ಯೆ ಅಕ್ಕಿ ತಂಡದ ಕೈಗೆ ಬರುತ್ತದೆ. ಅಕ್ಷರ ದಾಸೋಹದ ಬಿಸಿಯೂಟಕ್ಕೆ ಅಳತೆ ಗೊತ್ತಾಗಿದೆ. ಐದನೇ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ ಅಥವಾ ಗೋಧಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಆರರಿಂದ ಎಂಟರವರೆಗೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, ಏಳೂವರೆ ಗ್ರಾಂ ಎಣ್ಣೆ. ಈ ಪಟ್ಟಿಯನ್ನು ಮಕ್ಕಳ ಕೈಯಲ್ಲೇ ಬರೆಸಿ ಹಲಗೆಯ ಪಕ್ಕ ಅಂಟಿಸಿ.

41 ಮಕ್ಕಳಿಗೆ ಎಷ್ಟು ಅಕ್ಕಿ? ನಾಲ್ಕನೇ ತರಗತಿಯ ಹುಡುಗನೊಬ್ಬ ಹಲಗೆಯ ಮೇಲೆ 4100 ಕಿಲೊ ಎಂದು ಬರೆದ. ಅಡುಗೆಯಕ್ಕ ಮೊರ ಕೆಳಗಿಟ್ಟು ಬಂದು ನೋಡಿದಳು. ‘ಅಲ್ಲಪ್ಪಾ, ನಮ್ಮ ಉಗ್ರಾಣದಾಗೆ ಎಷ್ಟು ಮೂಟೆ ಅದಾವೆ ನೋಡಿ ಬಾ ಹೋಗು’ ಅಂದಳು. ಹುಡುಗ ಹೋಗಿ ಮೂಟೆಯ ಮೇಲೆ 50 ಕಿಲೊ ಎಂದು ಬರೆದಿದ್ದನ್ನು ಓದಿಕೊಂಡು ಬಂದ. ಹಲಗೆಯ ಮುಂದೆ ಸ್ವಲ್ಪ ಹೊತ್ತು ನಿಂತ. ಕಿಲೊ ಅಳಿಸಿ ಗ್ರಾಂ ಬರೆದ, ಅದರ ಕೆಳಗೆ 4 ಕಿಲೊ 100 ಗ್ರಾಂ ಎಂದು ಸೇರಿಸಿದ. ನಾನು ಬಾಯಿ ಬಿಡಬೇಕಾಗಲೇ ಇಲ್ಲ. ಇಂಥ ಹೊತ್ತಿನಲ್ಲಿ ಶಿಕ್ಷಕರು ಸುಮ್ಮನಿರುವುದೇ ಮೇಲು. ತಪ್ಪನ್ನು ತೋರಿಸಲು ಅಲ್ಲಿ ಮೂಟೆಯಿದೆ, ತಕ್ಕಡಿಯಿದೆ, ಅಡುಗೆಯಕ್ಕ ಇದ್ದಾಳೆ.

ಲೆಕ್ಕ ಆದ ಮೇಲೆ ಅಕ್ಕಿಯನ್ನು ಜಗಲಿಯ ಮೇಲೆ ತೂಗಿ. ಅಡುಗೆಮನೆಯೊಳಗೆ ಮಕ್ಕಳು ಬೇಡ. ತೂಗುವ ಮೊದಲು ಒಂದು ಬೊಗಸೆ ಅಕ್ಕಿ ಎಷ್ಟು ಗ್ರಾಂ ಇರಬಹುದು ಎಂದು ಅಂದಾಜು ಹೇಳಿಸಿ, ಆಮೇಲೆ ತೂಗಿ ನೋಡಲಿ. ದಿನ ಕಳೆದಂತೆ ಅಂದಾಜು ಹತ್ತಿರ ಹತ್ತಿರ ಬರುತ್ತದೆ. ಮನೆಯಲ್ಲಿ ಸೇರು, ಪಾವು ಇದ್ದರೆ ತರಲಿ. ಒಂದು ಸೇರು ಅಕ್ಕಿ, ಒಂದು ಸೇರು ಶೇಂಗಾ, ಒಂದು ಸೇರು ಮಂಡಕ್ಕಿ ತೂಕದಲ್ಲಿ ಒಂದೇ ಇರುವುದಿಲ್ಲ ಎಂಬುದನ್ನು ತಕ್ಕಡಿಯ ಮುಂದೆ ಕೂತೇ ಕಾಣಬೇಕು.

ಐದನೇ ತರಗತಿಗೆ ಮುಂದಿನ ಪ್ರಶ್ನೆ: ದಿನವೂ 41 ಮಕ್ಕಳು ಬಂದರೆ 50 ಕಿಲೊ ಮೂಟೆ ಎಷ್ಟು ದಿನ ಬರುತ್ತದೆ? ಹನ್ನೆರಡು ದಿನ ಬಂದು 800 ಗ್ರಾಂ ಉಳಿಯುತ್ತದೆ. ಭಾಗಾಕಾರದಲ್ಲಿ ಶೇಷ ಎಂದರೇನು ಎಂದು ಕೇಳಿದರೆ ಮಕ್ಕಳು ಮೂಟೆಯ ತಳ ತೋರಿಸುತ್ತಾರೆ. ಕ್ಷೀರಭಾಗ್ಯದ ಹಾಲಿನದೂ ಇದೇ ಬಗೆ. ಮಗುವಿಗೆ 18 ಗ್ರಾಂ ಹಾಲಿನ ಪುಡಿ, 150 ಮಿಲಿ ಹಾಲು. 41 ಜನಕ್ಕೆ 738 ಗ್ರಾಂ ಪುಡಿ, 6 ಲೀಟರ್ 150 ಮಿಲಿ ಹಾಲು. ಮಗ್ಗಿ ಹದಿನೆಂಟರವರೆಗೆ ಬರದವರು ಹತ್ತರ ಮಗ್ಗಿ, ಎಂಟರ ಮಗ್ಗಿ ಸೇರಿಸಿ ಮಾಡಲಿ, ಅದೂ ಒಂದು ಉಪಾಯವೇ.

ಒಂದು ಎಚ್ಚರಿಕೆ. ಮಕ್ಕಳ ಲೆಕ್ಕ ಮತ್ತು ದಾಸ್ತಾನು ಪುಸ್ತಕದ ಲೆಕ್ಕ ತಾಳೆಯಾಗದಿದ್ದರೆ ಮುಚ್ಚಿಡಬೇಡಿ. ಎಲ್ಲಿ ವ್ಯತ್ಯಾಸ ಬಂತೆಂದು ಅವರ ಎದುರಿಗೇ ಹುಡುಕಿ. ಬಡಿಸುವ ಮೊದಲು ಶಿಕ್ಷಕರೊಬ್ಬರಾದರೂ ಊಟದ ರುಚಿ ನೋಡುವುದು ನಿಯಮ. ಅದಕ್ಕೆ ತಾಯಂದಿರನ್ನೂ ಸರದಿಯಲ್ಲಿ ಕರೆಯಿರಿ, ಬಂದವರು ಮಕ್ಕಳ ಹಲಗೆಯನ್ನೂ ನೋಡಿಕೊಂಡು ಹೋಗುತ್ತಾರೆ.

ಮಳೆ ಪುಸ್ತಕ

ನಾಲ್ಕರಲ್ಲಿ ನನಗೆ ಅತಿ ಪ್ರೀತಿಯದು ಇದು. ನಮ್ಮ ಚಳ್ಳಕೆರೆ ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಮಳೆ ಬಂತಾ, ಎಷ್ಟು ಬಂತು, ಬಿತ್ತನೆಗೆ ಸಾಕಾ ಎಂಬುದೇ ಮನೆಮನೆಯ ಮಾತು. ಅದೇ ಮಾತನ್ನು ಶಾಲೆಯೊಳಗೆ ತನ್ನಿ.

ಮಳೆಮಾಪಕವನ್ನು ಮಕ್ಕಳೇ ಮಾಡಬಹುದು. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ. ಮೈ ನೆಟ್ಟಗಿರಬೇಕು, ನಡುವೆ ಸೊಂಟದಂತೆ ಒಳಕ್ಕೆ ಹೋಗಿರಬಾರದು. ಹೆಗಲಿನ ಕೆಳಗೆ, ಮೈ ನೆಟ್ಟಗಾಗುವ ಕಡೆ ಕತ್ತರಿಸಿ. ಕತ್ತರಿಸುವುದು ನಿಮ್ಮ ಕೆಲಸ, ಅಂಚಿಗೆ ಟೇಪು ಸುತ್ತುವುದು ಅವರದು. ಮೇಲಿನ ತುಂಡನ್ನು ಮುಚ್ಚಳ ತೆಗೆದು ತಲೆಕೆಳಗಾಗಿ ಬಾಟಲಿಯೊಳಗೆ ಇಟ್ಟರೆ ಲಾಳಿಕೆಯಾಯಿತು, ಒಳಗಿನ ನೀರು ಬೇಗ ಆರುವುದಿಲ್ಲ. ಬಾಟಲಿಯ ತಳ ಉಬ್ಬುತಗ್ಗು. ಅದಕ್ಕೆ ತಳದಲ್ಲಿ ಸಣ್ಣ ಕಲ್ಲು ತುಂಬಿ, ಕಲ್ಲು ಮುಳುಗಿ ಬಾಟಲಿಯ ನೆಟ್ಟಗಿನ ಭಾಗಕ್ಕೆ ಬರುವವರೆಗೆ ನೀರು ಹಾಕಿ ಅಲ್ಲಿ ಗೆರೆ ಎಳೆಯಿರಿ. ಅದೇ ಸೊನ್ನೆ. ಆ ಗೆರೆಯಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಿ, ಅದರ ಮೇಲೆ ಪಾರದರ್ಶಕ ಟೇಪು ಹಾಕಿ. ಕಲ್ಲುಗಳ ಭಾರಕ್ಕೆ ಗಾಳಿ ಬೀಸಿದರೂ ಬಾಟಲಿ ಉರುಳುವುದಿಲ್ಲ.

ಇಡುವ ಜಾಗ ಮುಖ್ಯ. ಸೂರಿನ ಕೆಳಗೆ, ಬೇವಿನ ಮರದ ಅಡಿಯಲ್ಲಿ ಇಟ್ಟರೆ ಲೆಕ್ಕ ಕೆಡುತ್ತದೆ. ಗೋಡೆ ಅಥವಾ ಮರ ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರ ಬೇಕು. ಸುತ್ತ ನಾಲ್ಕು ಇಟ್ಟಿಗೆ ನಿಲ್ಲಿಸಿ, ಆಡು ಬಂದು ಉರುಳಿಸದಂತೆ ಮುಳ್ಳಿನ ಬೇಲಿ ಹಾಕಿ.

ಹವಾಮಾನ ಇಲಾಖೆ ಬೆಳಿಗ್ಗೆ ಎಂಟೂವರೆಗೆ ಅಳೆಯುತ್ತದೆ. ಶಾಲೆಯಲ್ಲಿ ಪ್ರಾರ್ಥನೆಗೆ ಮೊದಲು ಎಂದು ಗೊತ್ತುಮಾಡಿಕೊಳ್ಳಿ, ಆ ಹೊತ್ತು ಮತ್ತೆ ಬದಲಾಗಬಾರದು. ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಓದಬೇಕು. ಇಬ್ಬರು ಬೇರೆಬೇರೆಯಾಗಿ ಓದಲಿ, ವ್ಯತ್ಯಾಸ ಬಂದರೆ ಮೂರನೆಯವರು ನೋಡಲಿ. ಓದಿದ ಮೇಲೆ ಹೆಚ್ಚಿನ ನೀರು ಚೆಲ್ಲಿ ಸೊನ್ನೆಗೆ ತರಬೇಕು. ಮಳೆ ಇಲ್ಲದ ದಿನ ನೀರು ಆರಿದ್ದರೆ ಸೊನ್ನೆಯ ಗೆರೆಗೆ ತುಂಬಬೇಕು, ಪುಸ್ತಕದಲ್ಲಿ ಸೊನ್ನೆ ಬರೆಯಲೇಬೇಕು. ಖಾಲಿ ಬಿಟ್ಟ ಸಾಲು ‘ಮಳೆ ಬರಲಿಲ್ಲ’ ಎಂದೂ ಆಗಬಹುದು, ‘ನಾವು ನೋಡಲಿಲ್ಲ’ ಎಂದೂ ಆಗಬಹುದು. ಸೋಮವಾರದ ಅಳತೆಗೆ ‘ಎರಡು ದಿನದ್ದು’ ಎಂದು ಬರೆಯಲಿ.

ಪುಸ್ತಕದ ಸಾಲು ಹೀಗಿರಲಿ: ತಾರೀಖು, ಯಾವ ಮಳೆ ನಕ್ಷತ್ರ, ಎಷ್ಟು ಮಿಲಿಮೀಟರ್, ಊರಿನಲ್ಲಿ ಏನು ನಡೆಯಿತು. ಶಾಲೆ ತೆರೆಯುವಾಗ ರೋಹಿಣಿ ನಡೆಯುತ್ತಿರುತ್ತದೆ. ಜೂನ್ 8ರ ಸುಮಾರಿಗೆ ಮೃಗಶಿರ, ಜೂನ್ 22ರ ಸುಮಾರಿಗೆ ಆರಿದ್ರಾ, ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ಒಂದೊಂದೂ ಹದಿಮೂರು ಹದಿನಾಲ್ಕು ದಿನ. ಮಕ್ಕಳು ಈ ಹೆಸರುಗಳನ್ನು ಅಜ್ಜ ಅಜ್ಜಿಯ ಬಾಯಲ್ಲಿ ಕೇಳಿಯೇ ಇರುತ್ತಾರೆ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ’, ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು’, ‘ಸ್ವಾತಿ ಮಳೆ ಬಂದರೆ ಮುತ್ತಿನಂಥ ಜೋಳ’. ಒಂದೊಂದು ನಕ್ಷತ್ರ ಹುಟ್ಟುವ ವಾರ ಆ ಮಳೆಯ ಗಾದೆಯನ್ನು ಮನೆಯಲ್ಲಿ ಕೇಳಿ ಬರೆದುಕೊಂಡು ಬನ್ನಿ ಎಂದು ಹೇಳಿ. ಬರೆಯಲು ಹಿಂಜರಿಯುವ ಮಗುವೂ ಅಜ್ಜಿ ಹೇಳಿದ್ದನ್ನು ಬರೆದು ತರುತ್ತದೆ. ಒಂದೇ ಗಾದೆ ಎರಡು ಮನೆಯಲ್ಲಿ ಎರಡು ರೀತಿ ಇದ್ದರೆ ಎರಡನ್ನೂ ಬರೆಯಿರಿ.

‘ಊರಿನಲ್ಲಿ ಏನು ನಡೆಯಿತು’ ಎಂಬ ಕಡೆ ಕುಂಟೆ ಹೊಡೆದದ್ದು, ಶೇಂಗಾ ಬಿತ್ತಿದ್ದು, ಹಳ್ಳ ಹರಿದದ್ದು, ಮಳೆಗೆ ನೆಲದ ಮೇಲೆ ಏಳುವ ಮಖಮಲ್ಲಿನಂಥ ಕೆಂಪು ಹುಳ ಕಂಡಿದ್ದು ಏನು ಬೇಕಾದರೂ ಬರಲಿ. ಮಳೆ ಬಿದ್ದ ಎಷ್ಟು ದಿನಕ್ಕೆ ಬಿತ್ತನೆ ಶುರುವಾಯಿತು ಎಂದು ಪುಸ್ತಕ ತಿರುವಿ ಹೇಳಲು ಕೇಳಿ. ಪರಿಸರ ಅಧ್ಯಯನದ ಪಾಠ ಇದೇ.

ತಿಂಗಳ ಕೊನೆಗೆ ಚೌಕಳಿ ಹಾಳೆಯಲ್ಲಿ ಸ್ತಂಭಗಳನ್ನು ಬರೆಯಲಿ, ಒಂದು ಚೌಕಕ್ಕೆ 2 ಮಿಲಿಮೀಟರ್. ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಮಾತ್ರ ಅದು ಮಳೆಯ ದಿನ. ಹಾಗೆ ಎಣಿಸಿದರೆ ಆರಿದ್ರಾದಲ್ಲಿ ಎಷ್ಟು ಮಳೆದಿನ, ಹುಬ್ಬೆಯಲ್ಲಿ ಎಷ್ಟು? ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ನಿಮ್ಮ ಪಂಚಾಯಿತಿಯ ಅಂಕಿಯನ್ನು ಮಕ್ಕಳ ಅಂಕಿಯ ಪಕ್ಕ ಬರೆಸಿ. ಒಂದೇ ಇರುವುದಿಲ್ಲ. ಊರಿನ ಆ ತುದಿಗೆ ಮಳೆ, ಈ ತುದಿಗೆ ಬಿಸಿಲು ಇರುವುದು ಮಕ್ಕಳಿಗೆ ಗೊತ್ತಿರುವ ಸಂಗತಿಯೇ, ಕಾರಣವನ್ನು ಅವರೇ ಹೇಳುತ್ತಾರೆ.

ಐದನೇ ತರಗತಿಗೆ ಇನ್ನೊಂದು ಲೆಕ್ಕ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಶಾಲೆಯ ಚಾವಣಿಯ ಉದ್ದ ಅಗಲವನ್ನು ನೆಲದ ಮೇಲೆ ಅಳೆಯಲಿ. 12 ಮೀಟರ್ ಉದ್ದ, 6 ಮೀಟರ್ ಅಗಲ ಇದ್ದರೆ 72 ಚದರ ಮೀಟರ್. 20 ಮಿಲಿಮೀಟರಿನ ಒಂದು ಒಳ್ಳೆಯ ಮಳೆಗೆ 1440 ಲೀಟರ್. 15 ಲೀಟರಿನ ಕೊಡ ಆದರೆ 96 ಕೊಡ. ದೂರದಿಂದ ನೀರು ಹೊತ್ತು ತರುವ ತಾಯಂದಿರ ಮಕ್ಕಳಿಗೆ ಆ 96 ಎಂಬುದು ಬರಿಯ ಅಂಕಿಯಲ್ಲ. ಚಾವಣಿಗೆ ಕೊಳವೆ ಹಾಕಿಸಿಕೊಡಿ ಎಂಬ ಅರ್ಜಿಯನ್ನು ಪಂಚಾಯಿತಿಗೆ ಮಕ್ಕಳೇ ಬರೆಯಲಿ, ಮನವಿಪತ್ರ ಬರೆಯುವ ಪಾಠವೂ ಮುಗಿಯುತ್ತದೆ.

ದಾವಣಗೆರೆ ಕಡೆಯ ನೀರಾವರಿ ಊರುಗಳಲ್ಲಿ, ಹರಿಹರ, ಚನ್ನಗಿರಿ ಸುತ್ತ, ಇದನ್ನೇ ಸ್ವಲ್ಪ ಬದಲಿಸಿಕೊಳ್ಳಿ. ಮಳೆಯ ಜೊತೆಗೆ ಭದ್ರಾ ನಾಲೆಗೆ ನೀರು ಬಿಟ್ಟ ದಿನ, ಊರಿಗೆ ನೀರು ತಲುಪಿದ ದಿನ, ನಾಟಿ ಆದ ದಿನ ಬರೆಯಿರಿ. ನಾಲೆಯ ಕೊನೆಭಾಗದ ಊರಿನ ಶಾಲೆಯೂ ಮೊದಲ ಭಾಗದ ಊರಿನ ಶಾಲೆಯೂ ತಾರೀಖುಗಳನ್ನು ಪತ್ರದಲ್ಲಿ ಹಂಚಿಕೊಂಡರೆ ಮಕ್ಕಳ ಮುಂದೆ ದೊಡ್ಡ ಪ್ರಶ್ನೆಗಳೇ ಏಳುತ್ತವೆ. ಜಗಳೂರು ಕಡೆಯವರಿಗೆ ನಮ್ಮ ಪುಸ್ತಕವೇ ಸರಿಹೋಗುತ್ತದೆ.

ಓದು, ಗೋಡೆ ಪತ್ರಿಕೆ

ಬೀರುವಿನಲ್ಲಿ ಬೀಗ ಹಾಕಿಟ್ಟ ಪುಸ್ತಕದಿಂದ ಯಾರೂ ಓದು ಕಲಿಯಲಿಲ್ಲ. ಕೋಣೆಯ ಎರಡು ಮೊಳೆಗೆ ದಾರ ಕಟ್ಟಿ, ಮಕ್ಕಳ ಎದೆಯೆತ್ತರಕ್ಕೆ ಪುಸ್ತಕ ತೂಗುಹಾಕಿ. ಹರಿದರೆ ಹರಿಯಲಿ, ಅಂಟಿಸುವುದನ್ನು ಪುಸ್ತಕ ತಂಡಕ್ಕೆ ಕಲಿಸಿ. ಊಟದ ನಂತರ ಇಪ್ಪತ್ತು ನಿಮಿಷ ಓದುವ ಹೊತ್ತು. ದೊಡ್ಡ ಮಗು, ಸಣ್ಣ ಮಗು ಜೋಡಿಯಾಗಿ ಕೂರಲಿ. ಎಲ್ಲರೂ ಒಟ್ಟಿಗೆ ರಾಗ ಎಳೆದು ಓದುವುದು ಬೇಡ, ಅದರಲ್ಲಿ ಯಾರಿಗೆ ಬರುತ್ತದೆ ಯಾರಿಗೆ ಬರುವುದಿಲ್ಲ ಎಂಬುದೇ ತಿಳಿಯುವುದಿಲ್ಲ. ಆ ಹೊತ್ತಿನಲ್ಲಿ ನೀವು ದಿನಕ್ಕೆ ಮೂರು ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ಅರ್ಧ ಪುಟ ಓದಿಸಿ, ಎಲ್ಲಿ ತಡವರಿಸಿದರು ಎಂದು ಬರೆದಿಡಿ. ಒತ್ತಕ್ಷರದಲ್ಲೇ ಹೆಚ್ಚಿನವರು ನಿಲ್ಲುತ್ತಾರೆ. ಶಾಲೆಯ ಪುಸ್ತಕ ಮುಗಿದವರಿಗೆ ಪಂಚಾಯಿತಿಯ ಗ್ರಂಥಾಲಯವಿದೆ, ಈಗ ಅದನ್ನು ಅರಿವು ಕೇಂದ್ರ ಎನ್ನುತ್ತಾರೆ. ಒಂದು ಸಂಜೆ ಕರೆದುಕೊಂಡು ಹೋಗಿ ಸದಸ್ಯರನ್ನಾಗಿ ಮಾಡಿಸಿ.

ವಾರಕ್ಕೊಂದು ಗೋಡೆ ಪತ್ರಿಕೆ ಬರಲಿ. ಒಂದು ಡ್ರಾಯಿಂಗ್ ಹಾಳೆ, ಅದರ ಮೇಲೆ ಮಕ್ಕಳು ಬರೆದ ಸುದ್ದಿ. ಗಾದೆ, ನೀತಿಮಾತು, ಪಠ್ಯದಿಂದ ನಕಲು ಮಾಡಿದ್ದು ಬೇಡ. ಈ ವಾರ ಊರಿನಲ್ಲಿ ನಡೆದದ್ದೇ ಬರಲಿ. ಮೂರನೇ ತರಗತಿಯ ಹುಡುಗಿ ಬರೆದ ಒಂದು ಸುದ್ದಿ: ‘ನಮ್ಮ ಆಡು ಎರಡು ಮರಿ ಹಾಕಿದೆ. ಒಂದು ಕಪ್ಪು. ಒಂದು ಬಿಳಿ. ಬಿಳಿಯದು ಹಾಲು ಕುಡಿಯುತ್ತಿಲ್ಲ.’ ಮಾರನೇ ದಿನ ಇಡೀ ಶಾಲೆ ಅವಳನ್ನು ‘ಕುಡೀತಾ?’ ಎಂದು ಕೇಳಿತು. ಓದುವವರು ಇದ್ದಾರೆ ಎಂದು ಗೊತ್ತಾದ ಮೇಲೆ ಅವಳನ್ನು ಬರಿ ಎಂದು ಯಾರೂ ಹೇಳಬೇಕಾಗಲಿಲ್ಲ. ತಪ್ಪಿದ್ದಲ್ಲಿ ಕೆಂಪು ಗೆರೆ ಎಳೆಯಬೇಡಿ. ಬರೆದವರೇ ಜೋರಾಗಿ ಓದಲಿ, ಓದುವಾಗ ಅರ್ಧ ತಪ್ಪು ತಾವೇ ಕಾಣುತ್ತಾರೆ. ಉಳಿದದ್ದನ್ನು ಪಕ್ಕದಲ್ಲಿ ಕೂತು ತಿದ್ದಿ, ಶುದ್ಧಪ್ರತಿ ಬರೆಸಿ ಅಂಟಿಸಿ.

ಚಳ್ಳಕೆರೆ, ಮೊಳಕಾಲ್ಮೂರು ಗಡಿಯ ಊರುಗಳಲ್ಲಿ ಎಷ್ಟೋ ಮಕ್ಕಳ ಮನೆಮಾತು ತೆಲುಗು. ತಾಂಡಾಗಳಲ್ಲಿ ಲಂಬಾಣಿ, ಪೇಟೆಯ ಶಾಲೆಗಳಲ್ಲಿ ಉರ್ದು. ಈ ಮಕ್ಕಳು ಸುದ್ದಿಯನ್ನು ಮೊದಲು ತಮ್ಮ ಮಾತಿನಲ್ಲೇ ಹೇಳಲಿ, ಗೆಳೆಯರು ಸೇರಿ ಕನ್ನಡದಲ್ಲಿ ಬರೆಯಲಿ. ಬಾಯಿ ಮುಚ್ಚಿಸಿದರೆ ಕನ್ನಡವೂ ಬರುವುದಿಲ್ಲ.

ಸಂಭ್ರಮ ಶನಿವಾರ

ತಿಂಗಳ ಮೂರನೇ ಶನಿವಾರ ಮಕ್ಕಳು ಚೀಲ ತರದೆ ಬರುವ ದಿನ. ಮಕ್ಕಳ ಸಂತೆ ಮಾಡುವುದಾದರೆ ಬಂಡವಾಳಕ್ಕೆ ಮಿತಿ ಹಾಕಿ, ಐವತ್ತು ರೂಪಾಯಿಯ ಮೇಲೆ ಬೇಡ. ಹಿತ್ತಲ ಸೊಪ್ಪು, ಬೇಯಿಸಿದ ಶೇಂಗಾ, ನಿಂಬೆಹಣ್ಣು ಸಾಕು. ಪೇಟೆಯ ಪೊಟ್ಟಣಗಳು ಬಂದರೆ ದುಡ್ಡಿರುವ ಮನೆಯವರದೇ ಸಂತೆಯಾಗುತ್ತದೆ. ಸೋಮವಾರ ಹಾಕಿದ್ದೆಷ್ಟು, ಬಂದದ್ದೆಷ್ಟು, ಉಳಿದದ್ದೆಷ್ಟು ಎಂಬ ಲೆಕ್ಕ ತರಲಿ. ನಷ್ಟ ಆದವರ ಲೆಕ್ಕದ ಮೇಲೆ ಹೆಚ್ಚು ಹೊತ್ತು ಮಾತಾಡಿ, ಕಲಿಯುವುದು ಅಲ್ಲಿ ಜಾಸ್ತಿ.

ವರ್ಷಕ್ಕೊಮ್ಮೆ ಚಿತ್ರದುರ್ಗದ ಕೋಟೆಗೆ ಹೋಗುವ ಶಾಲೆಗಳು ಬಹಳ. ಹೆಚ್ಚಿನವರು ಓಬವ್ವನ ಕಿಂಡಿ ನೋಡಿ, ಫೋಟೊ ತೆಗೆದು, ಉಂಡು ಬರುತ್ತಾರೆ. ಓಬವ್ವನ ಕಥೆ ಹೇಳಲೇಬೇಕು. ಅದರ ಜೊತೆಗೆ ಮಳೆ ಪುಸ್ತಕ ಇಟ್ಟಿರುವ ಮಕ್ಕಳಿಗೆ ಇನ್ನೊಂದು ಕೆಲಸ ಕೊಡಿ: ಬೆಟ್ಟದ ಮೇಲೆ ಬಿದ್ದ ನೀರು ಎಲ್ಲಿ ಹೋಗುತ್ತದೆ? ಗೋಪಾಲಸ್ವಾಮಿ ಹೊಂಡ ತುಂಬಿ ಹರಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರಿನೊಳಗಿನ ಸಂತೆ ಹೊಂಡಕ್ಕೆ. ಏಳುಸುತ್ತಿನ ಕೋಟೆ ಮುತ್ತಿಗೆಗಳನ್ನು ತಾಳಿದ್ದರಲ್ಲಿ ಈ ನೀರಿನ ಪಾಲೂ ಇದೆ. ಕೆಳಗಿನಿಂದ ಮೇಲಕ್ಕೆ ಹತ್ತುತ್ತಾ ಹೊಂಡಗಳನ್ನು ಗುರುತಿಸಿ ನಕ್ಷೆ ಬರೆಯಲಿ.

ಹೋಗುವ ಮೊದಲು ಇಲಾಖೆಯ ಅನುಮತಿ, ತಂದೆತಾಯಿಗಳ ಒಪ್ಪಿಗೆ ಪತ್ರ ಇರಬೇಕು. ಹತ್ತು ಮಕ್ಕಳಿಗೆ ಒಬ್ಬರು ದೊಡ್ಡವರು. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕವಾದ್ದರಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಬೆಳಿಗ್ಗೆ ಬೇಗ ಹತ್ತಿ, ಮಧ್ಯಾಹ್ನ ಬಂಡೆ ಕಾದು ಕಾಲು ಸುಡುತ್ತದೆ. ಕೋತಿಗಳು ಜಾಸ್ತಿ, ತಿಂಡಿ ಕೈಯಲ್ಲಿ ಹಿಡಿಯಬಾರದು. ಹೊಂಡದ ಅಂಚಿಗೆ ಯಾರೂ ಹೋಗದಂತೆ ಮೊದಲೇ ಗೆರೆ ಹೇಳಿ. ಒಂದು, ಎರಡನೇ ತರಗತಿಯವರನ್ನು ಮೇಲಿನವರೆಗೆ ಹತ್ತಿಸುವ ಹಟ ಬೇಡ.

ಮನೆಯವರ ಜೊತೆ

‘ಮಗ ಶಾಲೇಲಿ ಅಕ್ಕಿ ಅಳೀತಾನಂತೆ, ಪಾಠ ಯಾವಾಗ ಮಾಡ್ತೀರಿ ಮೇಡಂ?’ ಈ ಪ್ರಶ್ನೆ ಬಂದೇ ಬರುತ್ತದೆ, ಕೇಳುವುದರಲ್ಲಿ ನ್ಯಾಯವೂ ಇದೆ. ಎಸ್‌ಡಿಎಂಸಿ ಸಭೆಯಲ್ಲಿ ಪಠ್ಯಪುಸ್ತಕ ಮತ್ತು ಮಳೆ ಪುಸ್ತಕ ಎರಡನ್ನೂ ಪಕ್ಕಪಕ್ಕ ತೆರೆದಿಡಿ. ದಶಮಾಂಶ ಇಲ್ಲಿ, ಸ್ತಂಭಾಲೇಖ ಇಲ್ಲಿ, ಪತ್ರಲೇಖನ ಇಲ್ಲಿ ಎಂದು ಬೆರಳಿಟ್ಟು ತೋರಿಸಿ. ವಿವರಿಸುವುದು ಮಕ್ಕಳಾದರೆ ಇನ್ನೂ ಒಳ್ಳೆಯದು. ವರ್ಷದಲ್ಲಿ ಕಲಿಯುತ್ತಿರುವಾಗಲೇ ನಡೆಯುವ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಅವಧಿಯ ಕೊನೆಗೆ ನಡೆಯುವ ಎರಡು ಸಂಕಲನಾತ್ಮಕ ಮೌಲ್ಯಮಾಪನ ಇವೆಯಲ್ಲ, ಅದರಲ್ಲಿ ರೂಪಣಾತ್ಮಕಕ್ಕೆ ಬೇಕಾದ ಚಟುವಟಿಕೆಯ ದಾಖಲೆ ಈ ಪುಸ್ತಕಗಳಲ್ಲೇ ಸಿಗುತ್ತದೆ. ಪರೀಕ್ಷೆಯ ಹಿಂದಿನ ದಿನ ಬೇರೆ ಪ್ರಾಜೆಕ್ಟು ಮಾಡಿಸುವ ಗೋಜು ತಪ್ಪುತ್ತದೆ.

ತಾಯಂದಿರಿಗೆ ಒಂದು ಮಾತು. ಸಂಜೆ ‘ಏನು ಕಲಿತೆ?’ ಎಂದರೆ ‘ಏನಿಲ್ಲ’ ಎಂಬ ಉತ್ತರವೇ ಬರುವುದು. ‘ಇವತ್ತು ಎಷ್ಟು ಜನ ಬಂದಿದ್ರು? ಅಕ್ಕಿ ಎಷ್ಟು ಹಾಕಿದ್ರು? ರಾತ್ರಿ ಮಳೆ ಎಷ್ಟಾಗಿತ್ತು?’ ಎಂದು ಕೇಳಿ. ಓದಲು ಬರದವರೂ ಕೇಳಬಹುದಾದ ಪ್ರಶ್ನೆಗಳಿವು.

ನಾಲ್ಕು ತಂಡ ಮೊದಲೇ ಆಗಿದ್ದರೂ ಕೆಲಸಗಳನ್ನೆಲ್ಲ ಒಟ್ಟಿಗೆ ಶುರು ಮಾಡಬೇಡಿ, ಶುರುವಾದ ಕೆಲಸಗಳಷ್ಟೇ ತಂಡಗಳ ನಡುವೆ ಸರದಿಯಲ್ಲಿ ಸುತ್ತಲಿ. ಜೂನ್‌ನಲ್ಲಿ ಹಾಜರಿ ಮತ್ತು ಮಳೆ, ಜುಲೈನಲ್ಲಿ ಅಕ್ಕಿ, ಆಗಸ್ಟ್‌ನಲ್ಲಿ ಪುಸ್ತಕ ಮತ್ತು ಗೋಡೆ ಪತ್ರಿಕೆ. ದಸರಾ ರಜೆ ಹಾಗೂ ಬೇಸಿಗೆ ರಜೆಯಲ್ಲಿ ಮಳೆ ಪುಸ್ತಕ ನಿಂತುಹೋಗದಂತೆ ಮೊದಲೇ ಯೋಚಿಸಿ. ಹಸ್ತ, ಚಿತ್ತೆ ಬೀಳುವುದು ದಸರಾ ಆಸುಪಾಸಿನಲ್ಲಿ, ಭರಣಿ, ಕೃತ್ತಿಕೆ ಬೇಸಿಗೆ ರಜೆಯಲ್ಲಿ. ರಜೆಗೆ ಮುಂಚಿನ ದಿನ ಮಾಪಕವನ್ನೂ ಗೆರೆ ಹಾಕಿದ ನೋಟ್‌ಬುಕ್ಕನ್ನೂ ಊರಲ್ಲೇ ಇರುವ ಇಬ್ಬರು ಮಕ್ಕಳಿಗೆ ಕೊಡಿ, ಒಬ್ಬರು ನೆಂಟರ ಊರಿಗೆ ಹೋದರೆ ಇನ್ನೊಬ್ಬರು ಅಳೆಯಲಿ. ಯಾವ ಹೊತ್ತಿಗೆ ಅಳೆಯಬೇಕು, ಸೊನ್ನೆಗೆ ಹೇಗೆ ತರಬೇಕು ಎಂಬುದನ್ನು ನೋಟ್‌ಬುಕ್ಕಿನ ಒಳರಕ್ಷಾಪುಟದಲ್ಲಿ ಅವರ ಕೈಯಲ್ಲೇ ಬರೆಸಿ. ವರ್ಷ ಮುಗಿದ ಪುಸ್ತಕವನ್ನು ಬೀರುವಿಗೆ ಹಾಕಬೇಡಿ. ಹೊಸ ಐದನೇ ತರಗತಿಯವರಿಗೆ ಜೂನ್ ಮೊದಲ ವಾರದಲ್ಲೇ ಕೊಡಿ, ಹೋದ ವರ್ಷದ ರೋಹಿಣಿಯನ್ನೂ ಈ ವರ್ಷದ ರೋಹಿಣಿಯನ್ನೂ ಅವರು ಹೋಲಿಸಿ ನೋಡಲಿ.